ಮೂರು ಟನ್ನಿನ ಜಡತ್ವ

ಪೀಣ್ಯ ಎರಡನೇ ಹಂತದಲ್ಲಿರುವ ಯಮುನಾ ಮೇಡಂ ಕಾರ್ಖಾನೆಯಲ್ಲಿ ಯಾವ ಭಾರಿ ಯಂತ್ರ ಜಾಗ ಬದಲಿಸಬೇಕಾದರೂ ನೀಲಪ್ಪನೇ ಬೇಕು. ಕೆಳಗೆ ಕಬ್ಬಿಣದ ಪೈಪುಗಳನ್ನು ಉರುಳೆಯಾಗಿ ಕೊಟ್ಟು, ಹಿಂದಿನಿಂದ ಜನ ತಳ್ಳಿಸಿ, ಇಪ್ಪತ್ತಾರು ವರ್ಷ ಹೀಗೇ ದೂಡಿದವನು. ಮೇಸ್ತ್ರಿ ಪಟ್ಟ ಮಾತ್ರ ಸಿಕ್ಕಿರಲಿಲ್ಲ. ಈ ಸಲ ಮೇಡಂ ಷರತ್ತು ಹಾಕಿದರು. ಹೊಸ ಪ್ರೆಸ್ ಯಂತ್ರವನ್ನು ಶುಕ್ರವಾರ ಹತ್ತೂವರೆಯ ರಾಹುಕಾಲಕ್ಕೆ ಮೊದಲು ಕೂರಿಸಬೇಕು, ಹೇಗೆ ಕೂರಿಸಿದೆ ಎಂದು ವಿಜ್ಞಾನದ ಮಾತಿನಲ್ಲಿ ವರದಿಯನ್ನೂ ಬರೆಯಬೇಕು. ಎರಡೂ ಆದರೆ ಮೇಸ್ತ್ರಿ.

ನೀಲಪ್ಪ ಎಂಟನೇ ತರಗತಿಯ ಹಳೆಯ ವಿಜ್ಞಾನ ಪುಸ್ತಕ ತಂದು ಬಾಯಿಪಾಠಕ್ಕೆ ಕೂತ. ಕಲಿತ ಪದಗಳು ಹೊತ್ತುಗೊತ್ತಿಲ್ಲದೆ ಉದುರತೊಡಗಿದವು.

"ಹೊರಗಿನ ಬಲ ಬೀಳೋವರ್ಗೂ ವಸ್ತು ಇದ್ದಂಗೇ ಇರ್ತದೆ ಕಣೇ. ಇದು ಜಡತ್ವ" ಎಂದ, ಬೆಳಗ್ಗೆ ಚಾಪೆಯ ಮೇಲೆ ಮಲಗಿಕೊಂಡೇ.

ಹೆಂಡತಿ ಮರಿಯಮ್ಮ ಪೊರಕೆ ಎತ್ತಿಕೊಂಡಳು. "ಬಲ ಬಂತು, ಏಳು."

ವಸ್ತು ಎದ್ದಿತು.

ಶುಕ್ರವಾರ ಯಂತ್ರಕ್ಕೆ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ನಿಂಬೆಹಣ್ಣು ಇಟ್ಟು ಪೂಜೆ ಮುಗಿಸಿದರು. ತಳ್ಳಲು ಸಹಾಯಕ ನಂದೀಶ್ ಮತ್ತು ಇನ್ನೂ ಮೂವರು ಹಿಂದೆ ನಿಂತರು. ನೀಲಪ್ಪ ಎಂದಿನಂತೆ ಮುಂದೆ. ಹಿಂದೊಮ್ಮೆ ಒಂದು ಲೇತ್ ಕೈಮೀರಿ ಉರುಳಿ ಗೇಟು ಮುರಿದ ಮೇಲೆ, ಮುಂದಿನ ಉರುಳೆಗೆ ಹಾರೆ ಅಡ್ಡ ಕೊಟ್ಟು ಅದರ ಮೇಲೆ ಒರಗಿ ನಿಲ್ಲುವುದು, ತಳ್ಳುವಾಗ ಸಡಿಲಿಸುವುದು ಅವನ ರೂಢಿ. ರೂಢಿ ಎಷ್ಟೆಂದರೆ, ಈ ಸಲ ವಿಜ್ಞಾನದ ಗುಂಗಿನಲ್ಲಿ ಕೈಯಲ್ಲಿ ಹಾರೆ ಇರುವುದೇ ಅವನಿಗೆ ಮರೆತುಹೋಗಿತ್ತು.

"ಐಸಾ!" ಎಂದ. ಯಂತ್ರ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

"ಗಾಬ್ರಿ ಬ್ಯಾಡ, ತನಿಖೆ ಮಾಡಾಣ. ಒಂದ್ಸಲಕ್ಕೆ ಒಂದೇ ಬದಲಾವಣೆ!"

ಮೊದಲ ಊಹೆ, ತೂಕ ಜಾಸ್ತಿ. ಹಾರ ತೆಗೆಸಿದ. ಮೂರು ಟನ್ನಿನಲ್ಲಿ ಅರ್ಧ ಕೆಜಿ ಇಳಿಯಿತು. ಎರಡನೆಯದು ಘರ್ಷಣೆ. ನೆಲಕ್ಕೆ ಗ್ರೀಸ್ ಬಳಿಸಿದ. ಯಂತ್ರ ಜಾರಲಿಲ್ಲ, ನಂದೀಶ್ ಜಾರಿದ. ಗ್ರೀಸ್ ಒರೆಸಿಸಿ ಮೂರನೆಯ ಊಹೆಗೆ ಬಂದ, ಬಲ ಸಾಲದು. ಕ್ಯಾಂಟೀನಿನ ಭರಮಪ್ಪ ಸೌಟು ಹಿಡಿದುಕೊಂಡೇ ಬಂದು ತಳ್ಳಿದ. ಊಹೂಂ. ಗಂಟೆ ಹತ್ತೂ ಇಪ್ಪತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದು ನೀಲಪ್ಪನಿಗೆ ನಿಜಕ್ಕೂ ಅಳು ಬಂತು.

"ನೀವು ತಳ್ತಾ ಇರಿ, ನಾನು ವೀಕ್ಷಣೆ ಬರ್ಕೊಂಬಿಡ್ತೀನಿ" ಎಂದು ಹಾರೆಯನ್ನು ಹೆಗಲಿಗೇರಿಸಿ ಗೋಡೆಯ ಬಳಿ ಹೋದ.

ಪೆನ್ನಿನ ಮುಚ್ಚಳ ತೆಗೆಯುವಷ್ಟರಲ್ಲಿ ಗಡಗಡ ಸದ್ದು. ಯಂತ್ರದ ಹಿಂದೆ ಐದು ಜನ, ಒಂದು ಸೌಟು, ಎಲ್ಲ ಓಡುತ್ತಿದ್ದವು. ಯಂತ್ರ ತನ್ನ ಜಾಗದ ಮರದ ದಿಮ್ಮಿಗೆ ತಾಗಿ ನಿಂತಿತು. ರಾಹುಕಾಲಕ್ಕೆ ಇನ್ನೂ ಎರಡು ನಿಮಿಷ ಇತ್ತು.

ನೀಲಪ್ಪ ಯಂತ್ರ ನೋಡಿದ, ಹೆಗಲ ಹಾರೆ ನೋಡಿದ. ತಪ್ಪನ್ನು ನಿಂಬೆಹಣ್ಣಿನ ಮೇಲೆ ಹೊರಿಸಿದ್ದರೆ ಪೀಣ್ಯದಲ್ಲಿ ಯಾರೂ ಪ್ರಶ್ನಿಸುತ್ತಿರಲಿಲ್ಲ. ಆದರೆ ಕಣ್ಣಿಗೆ ಕಂಡದ್ದನ್ನೇ ಬರೆಯಬೇಕು ಎಂದು ಪುಸ್ತಕದಲ್ಲಿತ್ತು. ಬೆವರು ಒರೆಸಿಕೊಂಡು ಬರೆದ: "ಹಿಂದಿನ ಬಲ ಐದು ಜನ. ಎದುರಿನ ಬಲ ಒಂದು ಹಾರೆ. ಎರಡೂ ಸಮ, ಚಲನೆ ಸೊನ್ನೆ. ತೀರ್ಮಾನ: ಹಾರೆ ಹಿಡಿದಿದ್ದವನು ನಾನು."

ಯಮುನಾ ಮೇಡಂ ಎರಡು ಸಲ ಓದಿದರು. ನೀಲಪ್ಪ ತಲೆ ತಗ್ಗಿಸಿ ನಿಂತಿದ್ದ.

"ಅಂದ್ರೆ, ನೀವು ಕೈ ಹಾಕಿದ್ರೆ ಕೆಲಸ ನಿಲ್ಲತ್ತೆ. ದೂರ ನಿಂತು ಬರೆದ್ರೆ ನಡೆಯತ್ತೆ."

"ಊಂ ಮೇಡಂ."

"ಮತ್ತೆ ಮೇಸ್ತ್ರಿ ಆಗೋಕೆ ನಿಮಗಿಂತ ಯೋಗ್ಯರು ಯಾರಿದ್ದಾರೆ ನೀಲಪ್ಪ? ಆ ಹಾರೆ ಇಲ್ಲಿ ಕೊಡಿ. ನಾಳೆಯಿಂದ ಪೆನ್ನು ಸಾಕು."