ಕೆರಿಯಪ್ಪನ ಐವತ್ತು ಮೀಟರು

ಕೆರಿಯಪ್ಪನ ಈಜು ಕೆಡಿಸಿದವನು ನಾನು. ಡ್ರಿಲ್ ಮೇಷ್ಟ್ರೆಂಬ ಮರ್ಯಾದೆಗೆ ಊರಿನಲ್ಲಿ ಯಾರೂ ಇದನ್ನು ನನ್ನ ಮುಖಕ್ಕೆ ಹೇಳಿಲ್ಲ. ಅದಕ್ಕೇ ನಾನೇ ಹೇಳಿಬಿಡುತ್ತೇನೆ.

ತೀರ್ಥಹಳ್ಳಿಯಿಂದ ಮೂರು ಮೈಲಿ ಮೇಲೆ ಅವನು ತುಂಗೆಯಲ್ಲಿ ದೋಣಿ ನಡೆಸುತ್ತಿದ್ದ. ಇಪ್ಪತ್ತೆರಡರ ಪ್ರಾಯ. ಅಪ್ಪನಿಲ್ಲ, ತಾಯಿ ಗುತ್ಯಮ್ಮ ಗೇಣಿಗೆ ಗದ್ದೆ ಮಾಡುತ್ತಿದ್ದಳು. ದೋಣಿ ಕಟ್ಟಿಹಾಕಿ ಆಚೆ ದಡದ ಮನೆಗೆ ಈಜಿಕೊಂಡೇ ಹೋಗುತ್ತಿದ್ದ. ಎಷ್ಟು ಹೊತ್ತು ನೀರಿನಲ್ಲಿದ್ದರೂ ಉಸಿರು ಏರುತ್ತಿರಲಿಲ್ಲ. ಈಜು ನಿಧಾನವೇ, ಆದರೆ ನಿಲ್ಲುವ ಜಾತಿಯದಲ್ಲ.

ಸಾವಿರದ ಒಂಬೈನೂರ ಅರವತ್ನಾಲ್ಕರಲ್ಲಿ ಬೆಂಗಳೂರಿನ ಈಜು ಸ್ಪರ್ಧೆಯ ಪ್ರಕಟಣೆ ನಮ್ಮ ಶಾಲೆಗೆ ಬಂತು. ಯಾವುದರಲ್ಲಾದರೂ ಮೊದಲು ಬಂದವನಿಗೆ ಪೊಲೀಸ್ ಕೆಲಸವಿದೆಯೆಂದು ಅದರಲ್ಲಿತ್ತು. ಕೆರಿಯಪ್ಪನಿಗೆ ಓದಿ ಹೇಳಿದೆ.

"ಮೇಷ್ಟ್ರೇ, ಅದೊಂದು ಸಿಕ್ರೆ ಅವ್ವ ಇನ್ನೊಬ್ರ ಗದ್ದೇಲಿ ಬಗ್ಗೋದು ತಪ್ತದೆ" ಎಂದ.

ಆ ಬೇಸಿಗೆಯಲ್ಲಷ್ಟೇ ನಾನು ಮದರಾಸಿನಲ್ಲಿ ತರಬೇತಿ ಮುಗಿಸಿ ಬಂದಿದ್ದೆ. ತಲೆಗೆ ಎರಡು ಕೋಡು ಮೂಡಿದ್ದವು. ಮೈಲಿಗಟ್ಟಲೆ ಈಜಿಸುವುದು ಹಳೇ ಕಾಲದ್ದು, ಸ್ಪರ್ಧೆಯ ವೇಗದಲ್ಲೇ ತುಂಡು ತುಂಡಾಗಿ ಈಜಿಸಬೇಕು ಎಂದು ಅಲ್ಲಿ ಕಲಿಸಿದ್ದರು. ಐವತ್ತು ಮೀಟರು ಜೋರಾಗಿ ಈಜು, ಇಪ್ಪತ್ತು ಸೆಕೆಂಡು ನಿಲ್ಲು, ಮತ್ತೆ ಐವತ್ತು. ಹೀಗೆ ಇಪ್ಪತ್ತು ಸಲ.

ಮಳೆಗಾಲ ಕಳೆದ ಮೇಲೆ ಹೊಳೆಯಲ್ಲಿ ಎರಡು ಗೂಟ ನೆಟ್ಟೆ. ಸೆಳವಿಗೆ ಎದುರಾಗಿ ಆ ವೇಗ ಬರುವಂತಿರಲಿಲ್ಲ. ಹಾಗಾಗಿ ಅವನು ಕೆಳಮುಖವಾಗಿ ಐವತ್ತು ಈಜಿ, ಮರಳಿಗೆ ಹತ್ತಿ, ಮೊದಲ ಗೂಟಕ್ಕೆ ನಡೆದು ಬರುತ್ತಿದ್ದ. ಹೀಗೆ ಇಪ್ಪತ್ತು ಸೆಕೆಂಡಿನ ಬಿಡುವು ಒಂದೂವರೆ ನಿಮಿಷವಾಗುತ್ತಿತ್ತು. ನಾನೋ, ದಡ ಹತ್ತಿದ ಕೂಡಲೇ ಗಡಿಯಾರ ನಿಲ್ಲಿಸುತ್ತಿದ್ದೆ! ನಡಿಗೆಯನ್ನೂ ಸೆಳವನ್ನೂ ಲೆಕ್ಕಕ್ಕೇ ಹಿಡಿಯಲಿಲ್ಲ.

ಒಳ್ಳೆಯದೇನೂ ಆಗಲಿಲ್ಲವೆಂದರೆ ಸುಳ್ಳಾದೀತು. ಕೈ ಬೀಸು ಚುರುಕಾಯಿತು, ಕಾಲು ಬಡಿಯುವುದು ಹದಕ್ಕೆ ಬಂತು, ಎರಡು ತಿಂಗಳಲ್ಲಿ ಐವತ್ತು ಮೀಟರಿಗೆ ಏಳು ಸೆಕೆಂಡು ಇಳಿಯಿತು. ನಾನು ಬೀಗಿದೆ. ಅವನ ಹೆಸರನ್ನು ಇನ್ನೂರು ಮೀಟರಿಗೆ ಬರೆದೆ.

"ಸಾವಿರದೈನೂರು ಅಂತ ಇನ್ನೊಂದು ಇದ್ಯಲ್ಲ ಮೇಷ್ಟ್ರೇ, ಅದಕ್ಕೂ ಬರೀರಿ. ಉದ್ದದ್ದು ನಂಗೆ ಸಲೀಸು" ಎಂದ.

"ಸುಮ್ನಿರೋ! ನಿಂಗೇನು ಗೊತ್ತು? ಎರಡು ದೋಣಿ ಮೇಲೆ ಕಾಲಿಟ್ರೆ ಎರಡೂ ಹೋಗ್ತದೆ" ಎಂದು ಗದರಿದೆ.

ಬೆಂಗಳೂರಿನ ಕೊಳದ ನೀರು ನಿಂತ ನೀರು. ಮೊದಲ ಐವತ್ತಕ್ಕೆ ಕೆರಿಯಪ್ಪನೇ ಮುಂದೆ. ನೂರಕ್ಕೆ ಮೂರನೆಯವನಾದ. ಆಮೇಲೆ ಕೈಗಳು ಏಳಲೇ ಇಲ್ಲ. ಎಲ್ಲರೂ ಮೇಲೆ ಹತ್ತಿ ಮೈ ಒರೆಸಿಕೊಳ್ಳುತ್ತಿದ್ದಾಗ ಅವನು ಇನ್ನೂ ಗೋಡೆಯತ್ತ ಬರುತ್ತಿದ್ದ.

ಮರುದಿನ ಸಾವಿರದೈನೂರನ್ನು ಇಬ್ಬರೂ ಮೆಟ್ಟಿಲ ಮೇಲೆ ಕೂತು ನೋಡಿದೆವು. ಗೆದ್ದವನು ಅವಸರವಿಲ್ಲದೆ, ಒಂದೇ ಸಮ ಈಜಿದ. ನನ್ನ ಕೈಗೆ ಸಿಗುವ ಮುಂಚಿನ ಕೆರಿಯಪ್ಪನ ಹಾಗೆಯೇ. ಗಡಿಯಾರ ನೋಡಿಕೊಂಡೆ. ಅಷ್ಟು ಹೊತ್ತಿಗೆ ಇವನೂ ಮುಗಿಸುತ್ತಿದ್ದ, ಬಹುಶಃ ಅದಕ್ಕೂ ಮೊದಲೇ. ಕೆರಿಯಪ್ಪ ಎದ್ದು ನನ್ನ ಚೀಲವನ್ನೂ ತಾನೇ ಹೆಗಲಿಗೇರಿಸಿಕೊಂಡ. ಬೈದಿದ್ದರೆ ಚೆನ್ನಾಗಿತ್ತು.

ಊರಿಗೆ ಬಂದ ತಿಂಗಳ ಮೇಲೆ ನಾಚಿಕೆ ಬಿಟ್ಟು ಅವನ ಬಳಿ ಹೋದೆ. "ಬರೋ ವರ್ಷ ಉದ್ದದ್ದಕ್ಕೇ ಹೋಗೋಣ. ಈ ಸಲ ನಾನು ಏನೂ ಕಲಿಸಲ್ಲ, ಮೊದಲಿನ ಹಾಗೇ ಈಜು" ಎಂದೆ.

ದೋಣಿಯ ನೀರು ಎತ್ತಿ ಚೆಲ್ಲುತ್ತಿದ್ದವನು ತಲೆ ಎತ್ತಲಿಲ್ಲ.

"ದಿನಾ ಹಂಗೇ ಈಜಿ ನೋಡ್ತಿದೀನಿ ಮೇಷ್ಟ್ರೇ. ಆಗ್ತಿಲ್ಲ. ನೀರಿಗಿಳಿದ್ರೆ ಕೈ ತಂತಾನೇ ಜೋರಾಗ್ತದೆ, ಐವತ್ತಕ್ಕೆ ಕಾಲು ಮರಳು ಹುಡುಕ್ತದೆ. ಈಗ ಮನೆಗೂ ದೋಣೀಲೇ ಹೋಗ್ತೀನಿ."