ಗುರಣ್ಣ ಕೆಡವಿದ ವಿಮಾನ

ನಾನು ಕ್ಷಮೆ ಕೇಳಿದ್ದಕ್ಕೆ ಲೆಕ್ಕವಿಲ್ಲ. ದಿನಾ ದಾದರಿನಿಂದ ಫೋರ್ಟಿಗೆ ಲೋಕಲ್‌ನಲ್ಲಿ ಹೋಗಿಬರುವವನು ಕಂಡವರ ಕಾಲು ತುಳಿಯುತ್ತಲೇ ಇರುತ್ತಾನೆ, ‘ಸಾರಿ’ ಅನ್ನುತ್ತಲೇ ಇರುತ್ತಾನೆ. ಅದಕ್ಕೆಲ್ಲ ನನಗೆ ನಾಚಿಕೆಯಿಲ್ಲ. ಇಂದಿಗೂ ಮುಖ ಮುಚ್ಚಿಕೊಳ್ಳುವಂತಾಗುವುದು ಒಮ್ಮೆ ಒಬ್ಬರನ್ನು ಕ್ಷಮಿಸಿದ್ದಕ್ಕೆ.

ಎಂಬತ್ತರ ದಶಕದ ಕೊನೆಯ ಮಾತು. ದಾದರಿನ ಚಾಳಿನ ಒಂದೂವರೆ ಕೋಣೆಯಲ್ಲಿ ಕೂತು ನಾನೊಂದು ವಿಮಾನ ಮಾಡಿದೆ. ರಿಮೋಟಿನಿಂದ ಹಾರುವ, ನೀರಿನ ಮೇಲಿಂದ ಏಳುವ ಪುಟ್ಟ ವಿಮಾನ. ನೀರೇ ಯಾಕೆ ಎಂದು ಆಫೀಸಿನವರು ನಗುತ್ತಿದ್ದರು. ಮುಂಬಯಿಯಲ್ಲಿ ಮೈದಾನವೆಂದರೆ ಒಂದರೊಳಗೊಂದು ಸಿಕ್ಕಿಕೊಂಡ ಹದಿನೆಂಟು ಕ್ರಿಕೆಟ್ ಪಂದ್ಯಗಳು. ಖಾಲಿ ಇರುವುದು ನೀರು ಮಾತ್ರ. ನಮ್ಮ ಪುರಾಣಗಳಲ್ಲಿ ವಿಮಾನಗಳಿಗೇನೂ ಬರವಿಲ್ಲ, ಆದರೆ ಕೆರೆಯಿಂದ ಎದ್ದ ಒಂದನ್ನೂ ನಾನು ಕೇಳಿಲ್ಲ. ದೇವತೆಗಳಿಗೆ ಜಾಗದ ಅಡಚಣೆ ಇರಲಿಲ್ಲವಲ್ಲ.

ಹಗುರ ಮರದ ಪಟ್ಟಿಗಳಿಂದ ಐದಡಿ ರೆಕ್ಕೆ, ಚಕ್ರಗಳ ಬದಲು ಥರ್ಮಾಕೋಲಿನ ಎರಡು ದೋಣಿ, ಹಡಗಿನಲ್ಲಿ ಕೆಲಸಕ್ಕಿದ್ದ ಗೆಳೆಯ ತಂದುಕೊಟ್ಟ ರೇಡಿಯೋ ಪೆಟ್ಟಿಗೆ. ಎರಡು ವರ್ಷ ಆ ರೆಕ್ಕೆ ಬಟ್ಟೆ ಒಣಹಾಕುವ ಹಗ್ಗಕ್ಕೆ ತೂಗುಬಿದ್ದಿತ್ತು. ನನ್ನ ಹೆಂಡತಿ ಶಾಂತಾ ತಲೆ ತಗ್ಗಿಸಿ ಅದರ ಕೆಳಗೇ ಓಡಾಡಿದಳು. ಮೊದಲಿಗೆ ವಿಮಾನ ಕೆರೆ ತುಂಬ ಬಾತುಕೋಳಿಯಂತೆ ಓಡುತ್ತಿತ್ತೇ ಹೊರತು ಏಳುತ್ತಿರಲಿಲ್ಲ. ದೋಣಿಯ ತಳದಲ್ಲಿ ಒಂದು ಮೆಟ್ಟಿಲು ಕೆತ್ತಿದರೆ ಮಾತ್ರ ನೀರು ಹಿಡಿತ ಬಿಡುತ್ತದೆಂದು ತಿಳಿಯಲು ನನಗೆ ಒಂದು ಮಳೆಗಾಲ ಹಿಡಿಯಿತು. ಆಮೇಲೆ ಎದ್ದಿತು. ಮೂರು ಭಾನುವಾರ ಪೊವಾಯಿ ಕೆರೆಯ ಮೇಲೆ ಚೆಂದಾಗಿ ಹಾರಿತು. ಅದರ ಜೊತೆಗೆ ನಾನೂ.

ಆಗ ಬಿಜಾಪುರದಿಂದ ಶಾಂತಾಳ ಅಣ್ಣ ಗುರಣ್ಣ ಬಂದರು. ಪರೇಲಿನ ಡಾಕ್ಟರರಿಗೆ ಕಣ್ಣು ತೋರಿಸಬೇಕಿತ್ತು. ಅವರದು ಹಗ್ಗ, ಗೋಣಿಚೀಲದ ಅಂಗಡಿ. ತಂದೆ ತೀರಿಕೊಂಡ ಮೇಲೆ ತಂಗಿಯನ್ನು ಬೆಳೆಸಿ, ಮದುವೆ ಮಾಡಿದವರು ಅವರೇ. ಹಾಗಾಗಿ ನನ್ನನ್ನು ಮನೆಯ ಅಳಿಯನಂತೆಯೇ ನಡೆಸಿಕೊಳ್ಳುತ್ತಿದ್ದರು. ನಾನು ಕೂತಲ್ಲಿಂದ ಎದ್ದರೆ ತಾವೂ ಏಳುವರು.

ಅವರೆದುರು ಮೆರೆಯಬೇಕೆಂಬ ಹುಚ್ಚು ನನಗೆ. ಭಾನುವಾರ ಬೆಳಿಗ್ಗೆ ರೆಕ್ಕೆಯನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಲೋಕಲ್ ಹತ್ತಿದೆವು. ಪಕ್ಕದವನು ‘ಸಿತಾರ್ ಹೈ ಕ್ಯಾ?’ ಎಂದ. ಗುರಣ್ಣ ಎದೆಯುಬ್ಬಿಸಿ, ತಮ್ಮ ಹಿಂದಿಯಲ್ಲಿ, ‘ನಹೀ, ಇಮಾನ. ಹಮಾರಾ ಅಳಿಯಂದ್ರು ಕಿಯಾ’ ಎಂದರು.

ಕೆರೆಯ ಮೇಲೆ ವಿಮಾನ ಎರಡು ಸುತ್ತು ಹಾಕಿತು. ಗುರಣ್ಣ ಬಾಯಿ ತೆರೆದು ನಿಂತಿದ್ದರು. ನಾನು ಪೆಟ್ಟಿಗೆಯನ್ನು ಅವರ ಕೈಗೆ ಒಡ್ಡಿದೆ. ‘ನೀವೂ ಹಾರಸ್ರಿ.’

‘ಬ್ಯಾಡ್ರಿ ಅಳಿಯಂದ್ರ, ನನ್ನ ಕಣ್ಣ ಮಂಜ ಅದಾವ.’

‘ಏನೂ ಆಗೂದಿಲ್ಲ, ಹಿಡೀರಿ.’

ಹಿಡಿದರು. ಹೆಬ್ಬೆರಳಿನಿಂದ ಪೆಟ್ಟಿಗೆಯ ಮೇಲಿನ ಕಡ್ಡಿಯನ್ನು ಎಷ್ಟು ಮೆಲ್ಲಗೆ ಸರಿಸಿದರೆಂದರೆ ಅದು ಅಲುಗಿತೋ ಇಲ್ಲವೋ. ವಿಮಾನ ಮೂಗು ತಗ್ಗಿಸಿ ನೇರ ನೀರಿಗೆ ಬಿತ್ತು.

‘ಏನ್ ಮಾಡಿದ್ರಿ!’ ಎಂದು ನಾನು ಕಿರುಚಿದೆ. ದಡದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಗುರಣ್ಣ ಧೋತರ ಎತ್ತಿ ಕಟ್ಟಿ, ನಾನು ತಡೆಯುವ ಮೊದಲೇ ಕೆಸರಿಗಿಳಿದರು. ತೊಡೆಮಟ್ಟದ ನೀರಿನಲ್ಲಿ ತಡಕಾಡಿ ಮುರಿದ ರೆಕ್ಕೆ, ಬಾಲ ಎಲ್ಲ ಎದೆಗವಚಿಕೊಂಡು ತಂದರು. ಎಂಜಿನ್ ಸಿಗಲಿಲ್ಲ. ಅವರ ಚಪ್ಪಲಿಯೂ ಸಿಗಲಿಲ್ಲ. ಬರಿಗಾಲಲ್ಲೇ ದಾದರಿಗೆ ಬಂದರು. ಲೋಕಲ್‌ನಲ್ಲಿ ನಾನು ಬೇರೆ ಕಡೆ ಮುಖ ಮಾಡಿ ನಿಂತೆ.

ಸಂಜೆ ಚಾಳಿನ ಗ್ಯಾಲರಿಯಲ್ಲಿ ಚೂರುಗಳನ್ನು ಒಣಗಲು ಹರವುವಾಗ ವಿಮಾನದ ಮೂಗು ಏರಿಳಿಸುವ ಬಾಲದ ಪಟ್ಟಿ ನೋಡಿದೆ. ಅದನ್ನು ಎಳೆಯುವ ತಂತಿ ಕಳಚಿಕೊಂಡಿತ್ತು, ತಂತಿಯನ್ನು ಬಿಗಿಹಿಡಿಯುವ ಸ್ಕ್ರೂ ಇರಲಿಲ್ಲ. ಶನಿವಾರ ರಿಪೇರಿಗೆಂದು ಬಿಚ್ಚಿ ಬೆಂಕಿಪೊಟ್ಟಣದೊಳಗೆ ಹಾಕಿಟ್ಟವನು ನಾನೇ. ಹೋಗಿ ನೋಡಿದೆ. ಸ್ಕ್ರೂ ಅಲ್ಲೇ ಇತ್ತು. ಅದಿಲ್ಲದೆ ತಂತಿ ಎರಡು ಸುತ್ತು ತಡೆದದ್ದೇ ಹೆಚ್ಚು. ವಿಮಾನ ಆ ದಿನ ಯಾರ ಕೈಯಲ್ಲಿದ್ದರೂ ಬೀಳುತ್ತಿತ್ತು.

ಒಳಗಿನಿಂದ ಶಾಂತಾ ಬಂದಳು. ‘ಅಣ್ಣ ಊಟಾ ಒಲ್ಲೆ ಅಂತಾನ. ನಿಮ್ಮ ಎರಡ ವರ್ಷದ ಕಷ್ಟಾ ನೀರಾಗ ಹಾಕಿದೆ ಅಂತ ಕುಂತಾನ. ನೀವರ ಒಂದ್ ಮಾತ್ ಹೇಳ್ರಿ.’

ಒಳಗೆ ಹೋದೆ. ಗುರಣ್ಣ ಎದ್ದು ನಿಂತರು. ಬೆಂಕಿಪೊಟ್ಟಣ ನನ್ನ ಮುಷ್ಟಿಯಲ್ಲಿತ್ತು. ಹೇಳಬೇಕಾದದ್ದು ಒಂದೇ ವಾಕ್ಯ. ನಾನು ಅವರ ಹೆಗಲ ಮೇಲೆ ಕೈಯಿಟ್ಟು, ‘ಹೋಗ್ಲಿ ಬಿಡ್ರಿ, ಆಗ್ತಾವ. ನಾ ಏನೂ ಮನಸಿನ್ಯಾಗ ಇಟ್ಕೊಂಡಿಲ್ಲ’ ಎಂದೆ.

ಅವರ ಕಣ್ಣಲ್ಲಿ ನೀರು ಬಂತು. ‘ದೊಡ್ಡ ಮನಸು ನಿಮ್ಮದು’ ಎಂದರು. ಅಂದು ಅವರಿಗೆ ಬಡಿಸಿದ ಶಾಂತಾ ನನ್ನನ್ನು ನೋಡಿದ ನೋಟದಲ್ಲಿ ಎಷ್ಟು ಅಭಿಮಾನವಿತ್ತೆಂದರೆ, ಆಮೇಲೆ ನಿಜ ಹೇಳುವ ದಾರಿಯೇ ಮುಚ್ಚಿಹೋಯಿತು.

ಮಾರನೆಯ ವರ್ಷ ಮತ್ತೆ ಬಂದಾಗ ಶಾಂತಾ ಗಾಜಿನ ಲೋಟದಲ್ಲಿ ಶರಬತ್ತು ಕೊಟ್ಟಳು. ಗುರಣ್ಣ ಕೈ ಹಿಂದೆಳೆದುಕೊಂಡರು. ‘ಸ್ಟೀಲಿಂದು ಕೊಡವಾ. ನನ್ನ ಕೈಯಾಗ ಏನೂ ಉಳಿಯೂದಿಲ್ಲ.’ ನಗುತ್ತಲೇ ಹೇಳಿದರು. ನಾನು ನನ್ನ ಲೋಟ ಕೆಳಗಿಟ್ಟೆ.

ಮತ್ತೆರಡು ವರ್ಷ ಹಾಗೇ ದೂಡಿದೆ. ಅವರ ಮಗಳ ಮದುವೆಗೆ ಬಿಜಾಪುರಕ್ಕೆ ಹೋದಾಗ ಅಂಗಡಿಯಲ್ಲಿ ಇಬ್ಬರೇ ಕೂತಿದ್ದೆವು. ತಡೆಯಲಾರದೆ ಹೇಳಿಬಿಟ್ಟೆ. ಸ್ಕ್ರೂ, ಬೆಂಕಿಪೊಟ್ಟಣ, ಹೆಗಲ ಮೇಲಿಟ್ಟ ಕೈ, ಎಲ್ಲ.

ಗುರಣ್ಣ ಬೀದಿಯತ್ತ ಕಣ್ಣು ಹಾಯಿಸಿದರು. ಆಮೇಲೆ ಕೇಳಿದರು: ‘ಮತ್ತ್ಯಾರಿಗರ ಹೇಳೀರೇನು?’

‘ಇಲ್ರಿ.’

‘ಹೇಳಬ್ಯಾಡ್ರಿ. ಈ ಬಜಾರದಾಗ ಹಗ್ಗಾ ಮಾರೋರು ಹನ್ನೆರಡ ಮಂದಿ ಅದಾರ. ಮುಂಬೈದಾಗ ಇಮಾನ ಕೆಡವಿ ಬಂದಾಂವ ನಾ ಒಬ್ಬನ.’

ಅದು ಅವರ ಮನಸ್ಸಿನ ಮಾತೋ, ನನ್ನ ಮುಖ ನೋಡಲಾರದೆ ಅಂದದ್ದೋ, ನನಗೆ ಇಂದಿಗೂ ತಿಳಿಯದು. ಅಷ್ಟರಲ್ಲಿ ಗಿರಾಕಿಯೊಬ್ಬರು ಬಂದರು. ಗುರಣ್ಣ ಹುರುಪಿನಿಂದ ಎದ್ದು ನನ್ನನ್ನು ಪರಿಚಯಿಸಿದರು: ‘ಹೇಳಿದ್ನಲ್ಲಾ, ಇಮಾನದ ಮಾಲಕ್ರು ಇವರ ನೋಡ್ರಿ.’

ಗಿರಾಕಿ ಬೆರಗಾಗಿ ನನ್ನತ್ತ ತಿರುಗಿದರು. ‘ಖರೇನ ಇವರು ಕೆಡವಿದ್ರೇನ್ರಿ?’

‘ಹೌದ್ರಿ,’ ಎಂದು ನಾನು ತಲೆ ತಗ್ಗಿಸಿ ಹೇಳಿದೆ.