ಹೆಂಡತಿಯ ಪಾಲು

ಒಹಾಯೋದ ಲೊರೇನ್ ಊರಿನಲ್ಲಿ ಎಮಿಲ್ ಹ್ರುಷ್ಕಾ ಉಕ್ಕಿನ ಕಾರ್ಖಾನೆಯ ಕೆಲಸ ಬಿಟ್ಟು, ಅರವತ್ತೆರಡಕ್ಕೇ ಸರ್ಕಾರದ ಪಿಂಚಣಿ ಶುರುಮಾಡಿಸಿಕೊಂಡ. ಇನ್ನು ನಾಲ್ಕು ವರ್ಷ ಕಾದಿದ್ದರೆ ಪೂರ್ತಿ ಸಿಗುತ್ತಿತ್ತು. ಅವನಿಗೆ ದೋಣಿ ಬೇಕಿತ್ತು, ಸರೋವರದಲ್ಲಿ ಮೀನು ಹಿಡಿಯಬೇಕಿತ್ತು.

ಹೆಂಡತಿ ವರ್ನಾ ಅವನಿಗಿಂತ ನಾಲ್ಕು ವರ್ಷ ಚಿಕ್ಕವಳು. ಹಾಸಿಗೆ ಹಿಡಿದ ಅತ್ತೆಯ ಆರೈಕೆಯಲ್ಲೇ ವಯಸ್ಸು ಕಳೆದವಳಿಗೆ ಸ್ವಂತ ಪಿಂಚಣಿ ಎಂಬುದಿರಲಿಲ್ಲ. ಗಂಡನ ಲೆಕ್ಕದಲ್ಲಿ ಸರ್ಕಾರ ಹೆಂಡತಿಗೆಂದು ಬೇರೆಯಾಗಿ ಕೊಡುವ ಪಾಲೊಂದೇ, ಅದೂ ಅರವತ್ತೆರಡು ತುಂಬಿದ ಮೇಲೆ. ಅವಳಿಗೂ ಅರವತ್ತೆರಡು ತುಂಬಿದಾಗ ಕೇಳಿದಳು.

"ನನ್ನ ಪಾಲು ತಗೊಳ್ಳಲೇನ್ರೀ? ಇರ್ಮಾನ್ನ ನೋಡಿ ಬರ್ತೀನಿ."

ಇರ್ಮಾ ಅವಳ ಅಕ್ಕ, ಅರಿಜೋನಾದಲ್ಲಿ ಒಂಟಿಯಾಗಿದ್ದಳು.

"ಈಗ ತಗೊಂಡ್ರೆ ನಾನು ಸತ್ತ ಮೇಲೆ ನಿನ್ನ ವಿಧವಾ ವೇತನಕ್ಕೆ ಕತ್ತರಿ ಬೀಳತ್ತೆ ಕಣೇ. ವಿಚಾರಿಸ್ಕೊಂಡು ಬಂದಿದೀನಿ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

ವರ್ನಾ ನಂಬಿದಳು. ಹೆದ್ದಾರಿ ಪಕ್ಕದ ಮೋಟೆಲಿನಲ್ಲಿ ಕೋಣೆ ಗುಡಿಸಿ, ಹಾಸಿಗೆಯ ಹೊದಿಕೆ ಬದಲಿಸುವ ಕೆಲಸಕ್ಕೆ ಸೇರಿದಳು. ಬಂದ ಕೂಲಿ ಮನೆಯ ತೆರಿಗೆಗೂ ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಗ್ಯಾಸಿಗೂ ಸರಿಹೋಗುತ್ತಿತ್ತು. ಎರಡನೆಯ ವರ್ಷ ಇರ್ಮಾ ತೀರಿಕೊಂಡಳು. ಪ್ರಯಾಣಕ್ಕೆ ಕಾಸಿಲ್ಲದೆ ವರ್ನಾಗೆ ಮಣ್ಣಿಗೂ ಹೋಗಲಾಗಲಿಲ್ಲ.

ಮರುವರ್ಷ ಎಮಿಲ್ ಹೃದಯ ನಿಂತು ಸತ್ತ. ವರ್ನಾ ವಿಧವಾ ವೇತನ ಕೇಳಲು ಪಿಂಚಣಿ ಕಚೇರಿಗೆ ಹೋದಳು.

ಕಿಟಕಿಯಾಚೆಯ ಹೆಂಗಸು ಕೇಳಿದಳು, "ಹೆಂಡತಿ ಪಾಲು ನೀವು ಯಾಕೆ ತಗೊಂಡೇ ಇಲ್ಲ ಮೇಡಂ?"

"ತಗೊಂಡಿದ್ರೆ ಇದು ಕಮ್ಮಿಯಾಗ್ತಿತ್ತಲ್ಲ."

"ಇಲ್ಲ ಮೇಡಂ. ಅದನ್ನ ಬೇಗ ತಗೊಂಡ್ರೆ ಅದೇ ಕಮ್ಮಿಯಾಗತ್ತೆ ಅಷ್ಟೇ. ವಿಧವಾ ವೇತನದ ಲೆಕ್ಕ ಬೇರೆ. ಈಗ ನಿಮ್ಮ ವಿಧವಾ ವೇತನ ಕಮ್ಮಿಯಾಗಿರೋದು ನಿಮ್ಮ ಯಜಮಾನ್ರು ಅವರದ್ದನ್ನ ಬೇಗ ಶುರುಮಾಡಿಸ್ಕೊಂಡಿದ್ದಕ್ಕೆ."

"ಇನ್ನೂ ಸ್ವಲ್ಪ ದಿನ ಕಾದ್ರೆ?"

"ಕಾದ್ರೂ ನಿಮಗೆ ಇಷ್ಟೇ ಬರೋದು."

"ತಗೊಳ್ಳದೆ ಬಿಟ್ಟ ಮೂರು ವರ್ಷದ ಪಾಲು?"

ಆ ಹೆಂಗಸು ಇಲ್ಲವೆಂದು ತಲೆಯಾಡಿಸಿದಳು.

ಅಲ್ಲಿಂದ ವರ್ನಾ ನೇರವಾಗಿ ಮೈದುನ ರೂಡಿಯ ಮನೆಗೆ ಹೋದಳು. ಅವನು ಆಲೂಗಡ್ಡೆ ಸುಲಿಯುತ್ತಿದ್ದ.

"ನಿಮ್ಮಣ್ಣ ತಪ್ಪು ತಿಳ್ಕೊಂಡಿದ್ದನೇನೋ?"

ರೂಡಿ ತಲೆಯೆತ್ತಲಿಲ್ಲ. "ಅವತ್ತು ವಿಚಾರಿಸೋಕೆ ಅಣ್ಣನ್ನ ಕಚೇರಿಗೆ ನಾನೇ ಕಾರಲ್ಲಿ ಕರ್ಕೊಂಡು ಹೋಗಿದ್ದೆ ಅತ್ತಿಗೆ. ನೀವು ಪಾಲು ತಗೊಂಡ್ರೂ ವಿಧವಾ ವೇತನ ಕಮ್ಮಿಯಾಗಲ್ಲ ಅಂತ ಅಲ್ಲಿಯವರು ಬಿಡಿಸಿ ಹೇಳಿದ್ರು."

"ಮತ್ತೆ?"

"ಕೈಲಿ ಕಾಸು ಬಂದ್ರೆ ಅವಳು ಅಕ್ಕನ ಹತ್ರ ಹೋಗಿ ಅಲ್ಲೇ ಉಳ್ಕೋತಾಳೆ ಅಂತ ಹೆದರ್ತಿದ್ದ. ಅಡುಗೆ ಯಾರು ಮಾಡ್ತಾರೆ ಅಂದ."

"ನೀನೂ ಬಾಯಿ ಮುಚ್ಕೊಂಡಿದ್ದೆ."

"ಅಣ್ಣ ಅಲ್ವಾ."

ವರ್ನಾ ಎದ್ದು ಬಂದಳು.

ಭಾನುವಾರ ಚರ್ಚಿನಲ್ಲಿ ಎಮಿಲ್‌ನ ಆತ್ಮಕ್ಕಾಗಿ ಪ್ರಾರ್ಥನೆಯಿತ್ತು. ಪಾದ್ರಿ ಅವನ ಹೆಸರು ಹೇಳಿದಾಗ ಎಲ್ಲರೂ ಮೊಣಕಾಲೂರಿದರು. ವರ್ನಾ ಬೆಂಚಿಗೆ ಒರಗಿ ಕುಳಿತೇ ಇದ್ದಳು. ಪಾಪ, ವಯಸ್ಸಾಯಿತು, ಕಾಲು ಬಗ್ಗುವುದಿಲ್ಲವೇನೋ ಎಂದು ಪಕ್ಕದವರು ಅಂದುಕೊಂಡರು.